ಎಂಟು ಗುಂಟೆಯಲ್ಲಿ ಏಳು ವಾಪಸ್

ರಾತ್ರಿ ಒಂದೂ ನಲವತ್ತು. ತೊಂಡೇಬಾವಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನೀವು ಕೂತಿದ್ದೀರಿ. ಕಿಟಕಿ ತೆರೆದಿದೆ. ದೊಡ್ಡಬಳ್ಳಾಪುರದ ಕಡೆಯಿಂದ ಗೂಡ್ಸ್ ಗಾಡಿ ಬರುತ್ತಿರುವುದು ಮೊದಲು ಕಾಲಡಿಯ ನೆಲಕ್ಕೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ. ಮೇಜಿನ ಮೇಲಿನ ಸ್ಟೀಲ್ ಲೋಟದಲ್ಲಿ ನೀರು ನಡುಗುತ್ತದೆ. ಗಾಡಿ ಸ್ಟೇಷನ್ ದಾಟಿ ಗೌರಿಬಿದನೂರಿನ ದಿಕ್ಕಿಗೆ ಹೋದ ಮೇಲೆ ಮತ್ತೆ ಜೀರುಂಡೆಗಳದೇ ರಾಜ್ಯ.

ಲ್ಯಾಪ್‌ಟಾಪಿನ ಕಪ್ಪು ಪರದೆ ನೋಡಿ. ಈ ಪರದೆಯ ಆಚೆ ಇರುವುದು ಬೆಂಗಳೂರಿನ ಒಂದು ಸರ್ವರ್. ಅದಕ್ಕೆ ಕೂರಿಸಿರುವ ಮೆಮೊರಿ 1 ಟಿಬಿ, ಅಂದರೆ 1024 ಜಿಬಿ. ನಾವು ಕೊಂಡಿದ್ದು ಅಷ್ಟು, ದುಡ್ಡು ಕೊಟ್ಟಿದ್ದು ಅಷ್ಟಕ್ಕೆ. ಈಗ 'ಫ್ರೀ' ಅಂತ ಟೈಪ್ ಮಾಡಿ ಎಂಟರ್ ಒತ್ತುತ್ತೇನೆ. ಒಟ್ಟು ಎಂಬ ಕಾಲಮ್ಮಿನಲ್ಲಿ ಬಂದ ಸಂಖ್ಯೆ 1007.

ಹದಿನೇಳು ಜಿಬಿ ಎಲ್ಲಿ ಹೋಯಿತು?

ಯಾರೂ ಕದ್ದಿಲ್ಲ. ಯಾವ ಪ್ರೋಗ್ರಾಮೂ ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಆಗಲೇ ಅದು ಖರ್ಚಾಗಿತ್ತು. ಸರ್ವರ್ ಎದ್ದ ಮೊದಲ ಕ್ಷಣದಲ್ಲೇ ಲಿನಕ್ಸ್ ಕರ್ನಲ್ ತನ್ನ ಆಸ್ತಿಯ ದಾಖಲೆ ಬರೆದುಕೊಳ್ಳಲು ಅದನ್ನು ಎತ್ತಿಟ್ಟುಕೊಂಡಿದೆ. ಅದರಲ್ಲಿ ಹದಿನಾರು ಜಿಬಿ ಒಂದೇ ಒಂದು ಬಗೆಯ ದಾಖಲೆಗೆ. ಇವತ್ತು ರಾತ್ರಿ ನಾನು ಎಚ್ಚರವಾಗಿರುವುದು ಆ ದಾಖಲೆಯಿಂದ ಒಂದಿಷ್ಟನ್ನು ಬಿಡಿಸಿಕೊಳ್ಳುವುದಕ್ಕೆ. ಈ ಯಂತ್ರದ 900 ಜಿಬಿಯನ್ನು ಬಾಡಿಗೆಯ ವರ್ಚುವಲ್ ಯಂತ್ರಗಳಿಗೆ ದೊಡ್ಡ ಪುಟಗಳಾಗಿ ಕಟ್ಟಿ ಇಟ್ಟಿದ್ದೇವೆ. ಅಷ್ಟೂ ತುಂಬಿದೆ. ಉಳಿದದ್ದನ್ನು ಡಿಸ್ಕಿನ ಕ್ಯಾಷ್ ಇತ್ಯಾದಿ ಹಿಡಿದುಕೊಂಡಿವೆ. ಒಂದು ಸ್ಕ್ಯಾನಿಂಗ್ ಸೆಂಟರಿನ ಚಿತ್ರಗಳನ್ನು ಇಡುವ ಕೊನೆಯ ಯಂತ್ರವೊಂದು 8 ಜಿಬಿಗಾಗಿ ಹೊರಗೆ ನಿಂತಿದೆ. ಬೆಳಗಾಗುವುದರೊಳಗೆ ಅದಕ್ಕೆ ಜಾಗ ಆಗಬೇಕು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಚಿಕ್ಕಪ್ಪ. ಕೈಯಲ್ಲಿ ಟಾರ್ಚು, ಹೆಗಲ ಮೇಲೆ ಟವೆಲ್ಲು. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ವಾರ ಇದು. ಮೋಟರ್ ಹಾಕಿ ಜೋಳಕ್ಕೆ ನೀರು ಬಿಟ್ಟು ಬಂದಿದ್ದಾರೆ.

"ಏನಮ್ಮಾ, ಇನ್ನೂ ಮಲಗಿಲ್ವಾ?"

"ಇಲ್ಲ ಚಿಕ್ಕಪ್ಪ. ಒಂದು ಮಿಷಿನ್ನು ಆಫ್ ಮಾಡಿ ಆನ್ ಮಾಡ್ಬೇಕು."

"ಅದಕ್ಕೆ ಇಷ್ಟೊತ್ತು ಕಾಯ್ಬೇಕಾ?" ಎನ್ನುತ್ತಾ ಮಂಚದ ತುದಿಯಲ್ಲಿ ಕೂರುತ್ತಾರೆ. ಅವರ ಕಣ್ಣು ಮೇಜಿನ ಮೇಲಿನ ಪ್ಲಾಸ್ಟಿಕ್ ಕವರ್ ಮೇಲೆ ಬೀಳುತ್ತದೆ. ಅದರೊಳಗೆ ತಾತನ ಜಮೀನಿನ ಪಹಣಿ. ನಾಳೆ ಪೋಡಿಗೆ, ಅಂದರೆ ಜಮೀನನ್ನು ಪಾಲು ಮಾಡಿಸುವುದಕ್ಕೆ, ಅರ್ಜಿ ಕೊಡಬೇಕು. ಒಂದೇ ಸರ್ವೆ ನಂಬರು, ಒಂಬತ್ತನೇ ಕಾಲಮ್ಮಿನಲ್ಲಿ ನಾಲ್ಕು ಜನರ ಹೆಸರು. ಹನ್ನೊಂದನೇ ಕಾಲಮ್ಮಿನಲ್ಲಿ ಹಳೆಯ ಸಾಲವೊಂದರ ಗುರುತು. ನಾನು ಸಂಜೆ ಅದನ್ನು ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದೆ. ದಾಖಲೆ ಎಂದ ಕೂಡಲೇ ನನಗೆ ಅದೇ ನೆನಪಾಗಿದ್ದು ಆಶ್ಚರ್ಯವಲ್ಲ.

ನೀವೂ ಆ ಪಹಣಿಯನ್ನು ಕೈಗೆ ತಗೊಳ್ಳಿ. ಕರ್ನಲ್ ಮಾಡುವುದೂ ಇದನ್ನೇ. ಮೆಮೊರಿಯನ್ನೆಲ್ಲ 4 ಕೆಬಿಯ ಪುಟಗಳಾಗಿ ಅಳೆದು, ಪ್ರತಿ ಪುಟಕ್ಕೂ ಒಂದು ಪಹಣಿ ಬರೆಯುತ್ತದೆ. ಅದರ ಹೆಸರು ಸ್ಟ್ರಕ್ಟ್ ಪೇಜ್. ಈ ಪುಟ ಯಾರ ಬಳಕೆಯಲ್ಲಿದೆ, ಎಷ್ಟು ಮಂದಿ ಹಿಡಿದುಕೊಂಡಿದ್ದಾರೆ, ಬೀಗ ಹಾಕಿದೆಯೇ, ಡಿಸ್ಕಿಗೆ ಬರೆಯುವುದು ಬಾಕಿ ಇದೆಯೇ, ಎಲ್ಲವೂ ಅದರಲ್ಲಿ. ಒಂದೊಂದು ಪಹಣಿಯ ಅಳತೆ 64 ಬೈಟ್. ಪುಟ 4096 ಬೈಟ್, ಪಹಣಿ 64 ಬೈಟ್. ಅಂದರೆ ಅರವತ್ತನಾಲ್ಕಕ್ಕೆ ಒಂದು.

"ಚಿಕ್ಕಪ್ಪ, 512 ಗುಂಟೆ ಅಂದ್ರೆ ಎಷ್ಟು?"

ಅವರು ತಲೆ ಎತ್ತುವುದೂ ಇಲ್ಲ. "ಹನ್ನೆರಡು ಎಕರೆ ಮೂವತ್ತೆರಡು ಗುಂಟೆ."

"ಒಬ್ಬನೇ ಅಷ್ಟೂ ಜಮೀನು ಒಟ್ಟಿಗೆ ಮಾಡ್ತಾನೆ ಅನ್ಕೊ. ಆದ್ರೆ ಗುಂಟೆಗೆ ಒಂದರಂಗೆ 512 ಪಹಣಿ ಇಟ್ಟವ್ರೆ. ಆ ಪಹಣಿ ಇಡೋಕೆ ಜಾಗ ಬೇಕಲ್ಲ, ಅದೂ ಜಮೀನಲ್ಲೇ. ಎಂಟು ಗುಂಟೆ."

"ಎಂಟು ಗುಂಟೆ ಬರೀ ಕಾಗದ ಇಡಕ್ಕಾ?" ಚಿಕ್ಕಪ್ಪನ ದನಿ ಏರುತ್ತದೆ. "ಒಂದು ರೇಷ್ಮೆ ಹುಳದ ಮನೆ ಕಟ್ಬೋದಲ್ಲಮ್ಮಾ ಅದ್ರಲ್ಲಿ. ಸುತ್ತ ಜಾಗಾನೂ ಮಿಗ್ತೈತೆ."

ಅವರ ಸಿಟ್ಟು ಸರಿ. ನನಗೂ ಮೊದಲ ಸಲ ಈ ಲೆಕ್ಕ ಹಾಕಿದಾಗ ಅಷ್ಟೇ ಸಿಟ್ಟು ಬಂದಿತ್ತು. ಆದರೂ 512 ಗುಂಟೆಯನ್ನು ಒಬ್ಬನೇ ಒಟ್ಟಿಗೆ ಯಾಕೆ ಮಾಡುತ್ತಾನೆ ಎಂಬುದನ್ನು ಮೊದಲು ಹೇಳಬೇಕು. ಪ್ರೊಸೆಸರ್ ಒಂದು ವಿಳಾಸ ಕೇಳಿದಾಗಲೆಲ್ಲ ಆ ವಿಳಾಸ ನಿಜವಾದ ಮೆಮೊರಿಯಲ್ಲಿ ಎಲ್ಲಿದೆ ಎಂದು ಪಟ್ಟಿ ತಿರುವಬೇಕು. ಆ ಪಟ್ಟಿ ನಾಲ್ಕು ಮಜಲಿನದು. ಪ್ರತಿ ಸಲ ಅಷ್ಟು ಮೆಟ್ಟಿಲು ಹತ್ತಿ ಇಳಿದರೆ ಕೆಲಸ ಕೆಡುತ್ತದೆ. ಅದಕ್ಕೇ ಹಿಂದಿನ ಶಾನುಭೋಗರು ಜೇಬಿನಲ್ಲೊಂದು ಚೀಟಿ ಇಟ್ಟುಕೊಳ್ಳುತ್ತಿದ್ದ ಹಾಗೆ ಪ್ರೊಸೆಸರ್ ಕೂಡ ಒಂದು ಚೀಟಿ ಇಟ್ಟುಕೊಳ್ಳುತ್ತದೆ. ಅದೇ ಟಿಎಲ್‌ಬಿ. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರಿನ ಎರಡನೇ ಹಂತದ ಚೀಟಿಯಲ್ಲಿ 1536 ಸಾಲುಗಳಿವೆ. ಸಾಲಿಗೆ 4 ಕೆಬಿಯಂತೆ ಬರೆದರೆ ಚೀಟಿ ಪೂರ್ತಿ ಸೇರಿ 6 ಎಂಬಿಗೆ ಮುಗಿಯಿತು. ಸಾಲಿಗೆ 2 ಎಂಬಿಯಂತೆ ಬರೆದರೆ 3 ಜಿಬಿ. ಚೀಟಿ ಅದೇ, ಸಾಲೂ ಅಷ್ಟೇ. 512 ಚಿಕ್ಕ ಪುಟ ಸೇರಿಸಿ ಒಂದು ದೊಡ್ಡ ಪುಟ ಕಟ್ಟುವುದರ ಗುಟ್ಟು ಇಷ್ಟೇ. ವರ್ಚುವಲ್ ಯಂತ್ರಗಳಿಗೆ, ದೊಡ್ಡ ಡೇಟಾಬೇಸುಗಳಿಗೆ ಇದಿಲ್ಲದೆ ಆಗುವುದಿಲ್ಲ.

ಈಗ ಬನ್ನಿ, ಆ ಎಂಟು ಗುಂಟೆಯೊಳಗೆ ಕಾಲಿಡೋಣ.

ಸಾಲಾಗಿ ಎಂಟು ಕೋಣೆ, ಒಂದೊಂದೂ 4 ಕೆಬಿಯ ಒಂದು ಪುಟ. ಒಂದೊಂದು ಕೋಣೆಯಲ್ಲೂ 64 ಪಹಣಿ, ಗೋಡೆಗೆ ಒತ್ತಾಗಿ ಜೋಡಿಸಿಟ್ಟಿದ್ದಾರೆ. ಮೊದಲ ಕೋಣೆಯ ಮೊದಲ ಪಹಣಿ ಎತ್ತಿ. ಇದು ತಲೆಪುಟದ್ದು. ಇದರಲ್ಲಿ ನಿಜವಾದ ವಿವರಗಳೆಲ್ಲ ಇವೆ, ಜೊತೆಗೆ 'ನಾನೇ ತಲೆ' ಎಂಬ ಒಂದು ಗುರುತು. ಎರಡನೆಯದನ್ನು ಎತ್ತಿ. ಅದರಲ್ಲಿ ಮುಖ್ಯವಾಗಿ ಇರುವುದು ತಲೆಯ ವಿಳಾಸ. ವಿಳಾಸದ ಕೊನೆಯ ಬಿಟ್ಟನ್ನು 1 ಮಾಡಿಟ್ಟಿದ್ದಾರೆ. 'ನಾನು ಬಾಲ, ನನ್ನನ್ನು ಏನೂ ಕೇಳಬೇಡಿ, ಅಲ್ಲಿ ಹೋಗಿ ಕೇಳಿ' ಎಂಬುದಕ್ಕೆ ಆ ಒಂದು ಬಿಟ್ಟೇ ಸಾಕ್ಷಿ. ಮುಂದಿನ ಕೆಲವು ಪಹಣಿಗಳಲ್ಲಿ ಇಡೀ ದೊಡ್ಡ ಪುಟಕ್ಕೆ ಸೇರಿದ ಇನ್ನೊಂದಿಷ್ಟು ವಿವರವನ್ನು ಖಾಲಿ ಜಾಗ ನೋಡಿ ತುರುಕಿದ್ದಾರೆ. ಅದು ಬಿಟ್ಟರೆ ನಾಲ್ಕನೆಯದು, ಹತ್ತನೆಯದು, ಅರವತ್ತನೆಯದು, ಯಾವುದನ್ನು ಎತ್ತಿದರೂ ಅದೇ ವಿಳಾಸ.

ಎರಡನೇ ಕೋಣೆಗೆ ಬನ್ನಿ. ಅರವತ್ತನಾಲ್ಕೂ ಅದೇ. ಮೂರನೆಯದು, ಅದೇ. ನಾಲ್ಕು, ಐದು, ಆರು, ಏಳು, ಎಂಟು. ನೀವು ಸಾಲು ಹಿಡಿದು ನಡೆಯುತ್ತೀರಿ, ನಾನೂರ ನಲವತ್ತೆಂಟು ಪಹಣಿಗಳನ್ನು ಬಿಡಿಸಿ ನೋಡುತ್ತೀರಿ, ಅಕ್ಷರ ವ್ಯತ್ಯಾಸವಿಲ್ಲದೆ ಎಲ್ಲವೂ ಒಂದೇ. ಕೋಣೆಗೆ ಕೋಣೆಯೇ ತದ್ರೂಪು.

ಇದನ್ನು ಹೀಗೇ ಇಟ್ಟುಕೊಂಡು ಲಕ್ಷಾಂತರ ಜನ ಕರ್ನಲ್ ಬಳಸುತ್ತಾ ಬಂದರು. ಇದನ್ನೇ ಹಿಡಿದು ಕೂತು ಕೊನೆಗಾಣಿಸಿದವರು ಬೈಟ್‌ಡ್ಯಾನ್ಸ್‌ನ ಮುಚುನ್ ಸಾಂಗ್. 2021ರಲ್ಲಿ ಲಿನಕ್ಸ್ 5.14ರೊಳಗೆ ಅವರ ಕೆಲಸ ಸೇರಿತು. ಅವರು ಪಹಣಿಗಳನ್ನು ಹರಿದು ಹಾಕಲಿಲ್ಲ. ಹಾಗೆ ಮಾಡುವಂತಿರಲಿಲ್ಲ. ಕರ್ನಲ್ಲಿನ ಸಾವಿರಾರು ಕಡೆ 'ಇಂಥ ಪುಟದ ಪಹಣಿ ಕೊಡಿ' ಎಂದು ಲೆಕ್ಕ ಹಾಕಿ ನೇರ ಆ ವಿಳಾಸಕ್ಕೇ ಹೋಗುವ ಕೋಡ್ ಇದೆ. ಹೋದಾಗ ಅಲ್ಲಿ ಪಹಣಿ ಇಲ್ಲದಿದ್ದರೆ ಯಂತ್ರವೇ ಬೀಳುತ್ತದೆ. ಹಾಗಾಗಿ ಅವರು ಬಾಗಿಲುಗಳನ್ನು ಹಾಗೇ ಬಿಟ್ಟು ಕೋಣೆಗಳನ್ನು ತೆಗೆದರು. ಎಂಟು ಬಾಗಿಲೂ ಇವೆ. ಯಾವ ಬಾಗಿಲು ತೆರೆದರೂ ಒಳಗೆ ಪಹಣಿ ಕಾಣುತ್ತದೆ. ಆದರೆ ಆ ಬಾಗಿಲುಗಳೆಲ್ಲ ಈಗ ಒಂದೇ ಕೋಣೆಗೆ ತೆರೆಯುತ್ತವೆ. ಕರ್ನಲ್‌ಗೆ ಕಾಣುವ ವಿಳಾಸ ಬೇರೆ, ನಿಜವಾದ ಮೆಮೊರಿಯ ವಿಳಾಸ ಬೇರೆ; ನಡುವೆ ಇರುವ ಪಟ್ಟಿಯನ್ನು ತಿದ್ದಿದರೆ ಇಷ್ಟೂ ಸಾಧ್ಯ.

ಮೊದಲ ಸುತ್ತಿನಲ್ಲಿ ಅವರು ಎಂಟರಲ್ಲಿ ಎರಡು ಇಟ್ಟುಕೊಂಡು ಆರು ಬಿಟ್ಟರು. ತಲೆ ಇರುವ ಕೋಣೆ ಒಂದು, ಬಾಲಗಳಿಗೆಲ್ಲ ಸೇರಿ ಒಂದು. 2022ರಲ್ಲಿ ಎರಡನೆಯದನ್ನೂ ಬಿಟ್ಟು ಏಳಕ್ಕೆ ಏರಿಸಿದರು. ಆ ಏಳನೆಯದನ್ನು ಬಿಡುವುದು ಎಷ್ಟು ನಾಜೂಕಿನ ಕೆಲಸ ಎಂಬುದನ್ನು ಮಾತ್ರ ನೀವು ಹತ್ತಿರದಿಂದ ನೋಡಬೇಕು. ಎಂಟೂ ಬಾಗಿಲು ಮೊದಲ ಕೋಣೆಗೇ ತೆರೆದರೆ, ಎರಡನೇ ಬಾಗಿಲು ತೆರೆದವನಿಗೆ ಮೊದಲು ಕಾಣುವುದು ಯಾವ ಪಹಣಿ? ತಲೆಯ ಪಹಣಿ! 'ನಾನೇ ತಲೆ' ಎಂಬ ಗುರುತಿನ ಸಮೇತ. ಮೂರನೇ ಬಾಗಿಲಲ್ಲೂ ಅದೇ. ಒಬ್ಬ ಯಜಮಾನನ ಜಾಗದಲ್ಲಿ ಎಂಟು ಯಜಮಾನರು, ಅದರಲ್ಲಿ ಏಳು ಸುಳ್ಳು.

ಸುಳ್ಳು ಯಜಮಾನನನ್ನು ಹಿಡಿಯುವುದು ಹೇಗೆ? ಪಕ್ಕದವನನ್ನು ಕೇಳಬೇಕು. ತಲೆ ಎಂದು ಹೇಳಿಕೊಳ್ಳುವ ಪಹಣಿಯ ಮುಂದಿನದನ್ನು ಎತ್ತಿ ನೋಡಿ. ಅದು ಬಾಲ, ಅದರಲ್ಲಿ ನಿಜವಾದ ತಲೆಯ ವಿಳಾಸ ಬರೆದಿದೆ. ಆ ವಿಳಾಸವೂ ನೀವು ನಿಂತ ವಿಳಾಸವೂ ಒಂದೇ ಆದರೆ ಇದು ನಿಜದ ತಲೆ. ಬೇರೆಯಾದರೆ ಇದು ಬರೀ ಬಿಂಬ, ಅಲ್ಲಿ ಬರೆದ ವಿಳಾಸಕ್ಕೆ ಹೋಗಿ. ಕೋಣೆಯ ಮೊದಲ ಪಹಣಿಗೆ ಮಾತ್ರ ಈ ಅನುಮಾನ ಬರುವುದರಿಂದ ಪ್ರತಿ ಸಲ ಕೇಳಬೇಕಾಗಿಲ್ಲ. ಇನ್ನೊಂದು ಕಾವಲೂ ಇದೆ. ಎರಡರಿಂದ ಎಂಟನೆಯ ಬಾಗಿಲುಗಳಿಂದ ಓದಬಹುದೇ ಹೊರತು ಬರೆಯುವಂತಿಲ್ಲ. ಯಾರಾದರೂ ತಪ್ಪಿ ಬರೆಯಲು ಹೋದರೆ ಪ್ರೊಸೆಸರ್ ಅಲ್ಲೇ ಕೈ ಹಿಡಿಯುತ್ತದೆ. ಒಂದು ದಾಖಲೆ ತಿದ್ದಿದ್ದು ಎಂಟು ಕಡೆ ಬದಲಾಗಿಬಿಟ್ಟರೆ ಅನಾಹುತವಾಗುತ್ತಿತ್ತು.

ಇಷ್ಟು ಎಚ್ಚರ ಇಟ್ಟು ಬರೆದ ಕೋಡ್ ಓದಿದಾಗಲೆಲ್ಲ ನನಗೆ ಮನಸ್ಸು ತುಂಬುತ್ತದೆ. ಜಾಗ ಉಳಿಸುವುದು ಯಾರಿಗೂ ಬರುತ್ತದೆ. ಉಳಿಸಿದ ಮೇಲೂ 512ರಲ್ಲಿ ಯಾವ ಪಹಣಿ ಕೇಳಿದರೂ ಸರಿಯಾದ ಉತ್ತರ ಸಿಗಬೇಕು ಎಂದು ಹಟ ಹಿಡಿಯುವುದು ದೊಡ್ಡದು.

"ಏಳು ಗುಂಟೆ ವಾಪಸ್ ಬಂತು ಅನ್ನು," ಎನ್ನುತ್ತಾರೆ ಚಿಕ್ಕಪ್ಪ, ನಾನು ಇದನ್ನು ಅವರಿಗೆ ಅರ್ಥವಾಗುವ ಹಾಗೆ ಹೇಳಿ ಮುಗಿಸಿದಾಗ. ಒಂದು ಕ್ಷಣ ಬಿಟ್ಟು, "ಪಕ್ಕಪಕ್ಕದಲ್ಲೇ ಐತಾ ಏಳೂ?"

ನೀವು ಅವರ ಮುಖ ನೋಡುತ್ತೀರಿ. ಕರ್ನಲ್ ಬರೆಯುವವರು ಎಡವಿದ ಜಾಗಕ್ಕೇ ಅವರ ಕೈ ಹೋಗಿದೆ. ಮೊದಮೊದಲು ಇದೇ ತೊಡಕಾಗಿತ್ತು. ಏಳು ಪುಟ ಬಿಟ್ಟರು, ಒಂದು ಪುಟ ಹಾಗೇ ಉಳಿಯಿತು, ಮತ್ತೆ ಏಳು ಬಿಟ್ಟರು, ಮತ್ತೆ ಒಂದು. ಬಿಟ್ಟಿದ್ದೆಲ್ಲ ತುಂಡು ತುಂಡು, ನಡುವೆ ನಡುವೆ ಒಂದೊಂದು ಗೂಟ. ಅದನ್ನು ಸೇರಿಸಿ ಇನ್ನೊಂದು ದೊಡ್ಡ ಪುಟ ಕಟ್ಟೋಣ ಎಂದರೆ ಆಗುತ್ತಿರಲಿಲ್ಲ. 2023ರ ಆರಂಭದಲ್ಲಿ ಬಂದ ಲಿನಕ್ಸ್ 6.2ರಲ್ಲಿ ಜೋವಾವ್ ಮಾರ್ಟಿನ್ಸ್ ಇದನ್ನು ಸರಿ ಮಾಡಿದರು. ಉಳಿಯಬೇಕಾದ ಆ ಒಂದು ಪುಟವನ್ನು ಬೇರೊಂದು ಕಡೆ ಹೊಸದಾಗಿ ನಕಲು ಮಾಡಿ, ಹಳೆಯ ಎಂಟನ್ನೂ ಒಟ್ಟಿಗೆ ಬಿಟ್ಟುಕೊಟ್ಟರು. ಆಗ ಜಾಗ ಒಂದೇ ಪಟ್ಟೆಯಾಗಿ ಬರುತ್ತದೆ.

"ಟ್ರ್ಯಾಕ್ಟರ್ ತಿರುಗಬೇಕಲ್ಲಮ್ಮಾ," ಎನ್ನುತ್ತಾರೆ ಚಿಕ್ಕಪ್ಪ.

ಎರಡೂ ಹತ್ತಾಯಿತು. ಸರ್ವರಿನಲ್ಲಿರುವ ಯಂತ್ರಗಳನ್ನೆಲ್ಲ ಪಕ್ಕದ ಸರ್ವರುಗಳಿಗೆ ಸರಿಸಿ ಮುಗಿದಿದೆ. ಬೂಟ್ ಸಾಲಿನ ಕೊನೆಗೆ ನಾನು ಒಂದು ಪದ ಸೇರಿಸುತ್ತೇನೆ: ಹ್ಯೂಜ್‌ಟಿಎಲ್‌ಬಿ ಫ್ರೀ ವಿಮೆಮ್‌ಮ್ಯಾಪ್, ಸಮ, ಆನ್. ಕಾಗುಣಿತ ಎರಡು ಸಲ ನೋಡುತ್ತೇನೆ, ನೀವೂ ಒಮ್ಮೆ ನೋಡಿ. ರೀಬೂಟ್.

ಪರದೆ ಸತ್ತಂತಾಗುತ್ತದೆ. ಒಂದು ಟಿಬಿ ಮೆಮೊರಿಯ ಯಂತ್ರ ಏಳಲು ಪುರುಸೊತ್ತು ತಗೊಳ್ಳುತ್ತದೆ. ಒಂದೊಂದು ಮೆಮೊರಿ ಪಟ್ಟಿಯನ್ನೂ ತಟ್ಟಿ ನೋಡಿ ಆಮೇಲೆ ಮುಂದಕ್ಕೆ. ಈ ನಿಮಿಷಗಳಲ್ಲಿ ಮಾಡಲು ಏನೂ ಇಲ್ಲ. ಹೊಲದ ಕಡೆಯಿಂದ ಮೋಟರಿನ ಗುಂಯ್ ಸದ್ದು ತೇಲಿ ಬರುತ್ತಿದೆ. ಚಿಕ್ಕಪ್ಪ ಕಿವಿಗೊಟ್ಟು ಕೇಳುತ್ತಾರೆ. ಸದ್ದು ಒಂದೇ ಸಮ ಇದ್ದರೆ ಬೋರಿನಲ್ಲಿ ನೀರಿದೆ, ಏರಿಳಿದರೆ ಇಲ್ಲ. ಸಮವಾಗಿದೆ.

ಅಷ್ಟರಲ್ಲಿ ಅಕ್ಷರಗಳು ಸುರಿಯತೊಡಗುತ್ತವೆ. ಸಾಲುಗಳು ಓದಲಾರದಷ್ಟು ಬೇಗ ಮೇಲೇರುತ್ತವೆ. ಕೊನೆಗೆ ಲಾಗಿನ್ ಆಗಿ ಕರ್ನಲ್ಲಿನ ಮಾತುಗಳಲ್ಲಿ ನಮಗೆ ಬೇಕಾದ್ದನ್ನಷ್ಟೇ ಹುಡುಕಿ ತೆಗೆಯುತ್ತೇನೆ. ಎರಡು ಸಾಲು. 2 ಎಂಬಿ ಪುಟವೊಂದಕ್ಕೆ 28 ಕೆಬಿ ಬಿಡಬಹುದು ಎನ್ನುತ್ತದೆ ಒಂದು. 1 ಜಿಬಿ ಪುಟವೊಂದಕ್ಕೆ 16380 ಕೆಬಿ ಬಿಡಬಹುದು ಎನ್ನುತ್ತದೆ ಇನ್ನೊಂದು. ಇಪ್ಪತ್ತೆಂಟು, ಅಂದರೆ ಏಳು ನಾಲ್ಕಲಿ. 1 ಜಿಬಿಯ ಪುಟಕ್ಕಾದರೆ ಪಹಣಿಯ ಕೋಣೆಗಳು 4096, ಅದರಲ್ಲಿ ಒಂದು ಬಿಟ್ಟು ಉಳಿದದ್ದೆಲ್ಲ ವಾಪಸ್. ನಮ್ಮ 900 ಜಿಬಿಯಲ್ಲಿ 2 ಎಂಬಿಯ ಪುಟಗಳು 4,60,800. ಒಂದೊಂದಕ್ಕೂ 28 ಕೆಬಿ. ಹೆಬ್ಬೆರಳ ಲೆಕ್ಕದಲ್ಲಿ 12 ಜಿಬಿ ದಾಟುತ್ತದೆ.

'ಫ್ರೀ' ಅಂತ ಮತ್ತೆ ಟೈಪ್ ಮಾಡುತ್ತೇನೆ. ಎಂಟರ್ ಒತ್ತುವುದನ್ನು ನಿಮಗೇ ಬಿಡುತ್ತೇನೆ.

1019.

ಒಂದು ರೂಪಾಯಿಯ ಮೆಮೊರಿ ಕೊಳ್ಳದೆ, ಯಾರ ಕೆಲಸವನ್ನೂ ನಿಲ್ಲಿಸದೆ, ಯಂತ್ರದೊಳಗಿಂದಲೇ 12 ಜಿಬಿ. ದೊಡ್ಡ ಪುಟಗಳ ಸಂಖ್ಯೆಯನ್ನು 4096 ಹೆಚ್ಚಿಸುತ್ತೇನೆ, ಅದು 8 ಜಿಬಿ. ಹೊರಗೆ ನಿಂತಿದ್ದ ಯಂತ್ರಕ್ಕೆ ಒಳಗೆ ಜಾಗವಾಗುತ್ತದೆ. ಚಿಕ್ಕಪ್ಪ ಎದ್ದು ನಿಂತು ಟವೆಲ್ಲು ಕೊಡವುತ್ತಾರೆ. "ಮಲ್ಕೊ ಇನ್ನು. ಬೆಳಿಗ್ಗೆ ಗಾಡಿ ತಪ್ಪಿಸ್ಕೊಂಡೀಯ."

ಮಲಗುವ ಮುಂಚೆ ಒಂದು ಮಾತು. ಇದರಲ್ಲಿ ಸಾಲವೂ ಇದೆ, ಹನ್ನೊಂದನೇ ಕಾಲಮ್ಮಿನಲ್ಲಿ ಬರೆಯಬೇಕಾದಂಥದ್ದು. ನಾಳೆ ಈ ದೊಡ್ಡ ಪುಟವೊಂದನ್ನು ಬಿಡಿಸಿ ಚಿಕ್ಕ ಪುಟಗಳಾಗಿ ಹಂಚಬೇಕಾಗಿ ಬಂದರೆ 512 ಪಹಣಿಯೂ ಮತ್ತೆ ಬೇರೆಬೇರೆಯಾಗಬೇಕು. ಅದಕ್ಕೆ ಏಳು ಹೊಸ ಪುಟ ಬೇಕು. ದೊಡ್ಡ ಪುಟವನ್ನು ಬಿಡಿಸುವುದು ಬಹುಪಾಲು ಮೆಮೊರಿ ತೀರಿದ ಹೊತ್ತಿನಲ್ಲಿ. ಮೆಮೊರಿ ಬಿಡಿಸಿಕೊಳ್ಳಲು ಮೆಮೊರಿ ಬೇಕು, ಅದು ಇಲ್ಲದಿದ್ದರೆ ಪುಟ ಬಿಡಿಸುವುದೇ ಸೋಲುತ್ತದೆ. ದೊಡ್ಡ ಪುಟಗಳ ಪಟ್ಟಿ ತಿದ್ದುವಾಗ ಎಲ್ಲ ಪ್ರೊಸೆಸರುಗಳ ಜೇಬಿನ ಚೀಟಿ ಅಳಿಸಬೇಕು ಎಂಬ ಖರ್ಚು ಬೇರೆ. ದೊಡ್ಡ ಪುಟವನ್ನು ಬೆಳಿಗ್ಗೆ ಕಟ್ಟಿ ಸಂಜೆ ಒಡೆಯುವ ಯಂತ್ರಕ್ಕೆ ಇದು ಬೇಡ. ನಮ್ಮ ಹಾಗೆ ಒಮ್ಮೆ ಕಟ್ಟಿ ವರ್ಷಗಟ್ಟಲೆ ಇಟ್ಟುಕೊಳ್ಳುವವರಿಗೆ ಸರಿ.

ಬೆಳಿಗ್ಗೆ. ಪ್ಲಾಟ್‌ಫಾರಂ ಮೇಲೆ ನಿಂತಿದ್ದೇವೆ. ಚಳಿ ಇನ್ನೂ ಬಿಟ್ಟಿಲ್ಲ. ಬ್ಯಾಗು ಹೊತ್ತ ಕಾಲೇಜು ಮಕ್ಕಳು, ಟಿಫನ್ ಡಬ್ಬಿ ಹಿಡಿದ ಹೆಂಗಸರು. ಚಿಕ್ಕಪ್ಪ ಪೋಡಿ ಕೆಲಸಕ್ಕೆ ಆ ಕಡೆ ಬಸ್ಸು ಹಿಡಿದರು, ನಾವು ಈ ಕಡೆ ರೈಲು. ಕಿಟಕಿ ಪಕ್ಕ ನೀವೇ ಕೂರಿ. ಸ್ವಲ್ಪ ದೂರ ಹೋದರೆ ಮಾಕಳಿದುರ್ಗದ ಬೆಟ್ಟ ಕಿಟಕಿಯ ತುಂಬ ಬರುತ್ತದೆ, ನೆತ್ತಿಯ ಮೇಲೆ ಕೋಟೆಯ ಗೋಡೆ. ಹಳಿ ಬೆಟ್ಟದ ಸೊಂಟ ಬಳಸಿ ತಿರುಗುತ್ತದೆ. ನೂರಾರು ಸಲ ನೋಡಿದ್ದೇನೆ, ಇವತ್ತೂ ಮಾತು ನಿಲ್ಲಿಸಿ ನೋಡುತ್ತೇನೆ.

ಬೆಟ್ಟ ದಾಟಿದ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲೆ. ಇದು ಬೇರೆ ಸರ್ವರ್, ಬೇರೆ ಕಾಯಿಲೆ. ರಾತ್ರಿ ನೋಡಿದ್ದು ಪಹಣಿಯ ಖರ್ಚು. ಇದು ಜಮೀನು ಬೀಳು ಬಿಟ್ಟ ಖರ್ಚು.

ರಾತ್ರಿಯ ಸರ್ವರಿನಲ್ಲಿ ದೊಡ್ಡ ಪುಟಗಳನ್ನು ನಾವೇ ಎಣಿಸಿ ಎತ್ತಿಟ್ಟಿದ್ದೆವು. ಇಲ್ಲಿ ಕರ್ನಲ್ ತಾನೇ ನೋಡಿಕೊಂಡು, ಪ್ರೋಗ್ರಾಮಿಗೆ ಹೇಳದೆ ಕೇಳದೆ, ಚಿಕ್ಕ ಪುಟಗಳನ್ನು ಕೂಡಿಸಿ ದೊಡ್ಡದು ಮಾಡುತ್ತದೆ. 2011ರಲ್ಲಿ ಬಂದ ಲಿನಕ್ಸ್ 2.6.38ರಿಂದ ಈ ಏರ್ಪಾಡಿದೆ. ಕೂಡಿಸುವ ಕೆಲಸಗಾರನ ಹೆಸರು ಕೆ-ಹ್ಯೂಜ್‌ಪೇಜ್-ಡಿ. ಅವನಿಗೆ ಕೊಟ್ಟಿರುವ ಒಂದು ಕಟ್ಟಳೆಯನ್ನು ತೆರೆದು ತೋರಿಸುತ್ತೇನೆ. ಫೈಲಿನಲ್ಲಿರುವುದು ಒಂದೇ ಸಂಖ್ಯೆ: 511. ಇದರ ಅರ್ಥ ನಿಮಗೆ ಹೊಳೆದರೆ ಬೆಚ್ಚುತ್ತೀರಿ. 512 ಜಾಗಗಳಲ್ಲಿ 511 ಖಾಲಿ ಇದ್ದರೂ ಪರವಾಗಿಲ್ಲ, ಒಂದೇ ಒಂದು ಬಳಕೆಯಲ್ಲಿದ್ದರೆ ಸಾಕು, ಇಡೀ 2 ಎಂಬಿ ಕೊಟ್ಟುಬಿಡು. ಒಂದು ಗುಂಟೆಯಲ್ಲಿ ಟೊಮೇಟೊ ಹಾಕಿದವನ ಹೆಸರಿಗೆ 12 ಎಕರೆ 32 ಗುಂಟೆ ಮಂಜೂರು. ಯಾರೂ ಬದಲಿಸದಿದ್ದರೆ ಲಿನಕ್ಸ್ ಹೊರಡುವುದೇ ಈ ಸಂಖ್ಯೆಯಿಂದ.

ಇದರಿಂದ ಏನಾಗುತ್ತದೆ ಎಂದು ಕರಾರುವಾಕ್ಕಾಗಿ ತೋರಿಸಿದ್ದು ನಾವು ಈಗ ಹೋಗುತ್ತಿರುವ ದಿಕ್ಕಿನಲ್ಲೇ. ಯಶವಂತಪುರದಲ್ಲಿ ಇಳಿದರೆ ಆಟೋದಲ್ಲಿ ಕೆಲವೇ ನಿಮಿಷ, ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಆಶಿಶ್ ಪನ್ವರ್ ಮತ್ತು ಪ್ರೊಫೆಸರ್ ಕೆ. ಗೋಪಿನಾಥ್, ದೆಹಲಿ ಐಐಟಿಯ ಸೊರವ್ ಬನ್ಸಲ್ ಜೊತೆ ಸೇರಿ 2019ರಲ್ಲಿ 'ಹಾಕ್‌ಐ' ಎಂಬ ಕೆಲಸವನ್ನು ಆಸ್ಪ್ಲಾಸ್ ಸಮ್ಮೇಳನದಲ್ಲಿ ಮಂಡಿಸಿದರು. ಹದ್ದಿನ ಕಣ್ಣು. ಅದಕ್ಕೂ ಒಂದು ವರ್ಷ ಮೊದಲು ಅದೇ ಸಮ್ಮೇಳನದಲ್ಲಿ ಪನ್ವರ್, ಅರವಿಂದ ಪ್ರಸಾದ್ ಮತ್ತು ಗೋಪಿನಾಥ್ ದೊಡ್ಡ ಪುಟಗಳು ನಿಜಕ್ಕೂ ಉಪಯೋಗಕ್ಕೆ ಬರಬೇಕಾದರೆ ಏನು ಮಾಡಬೇಕೆಂದು ಬರೆದಿದ್ದರು. ಊರಿನಿಂದ ಒಂದು ರೈಲಿನ ದೂರದಲ್ಲಿ ಈ ವಿಷಯಕ್ಕೆ ಇಷ್ಟು ದುಡಿದವರಿದ್ದಾರೆ ಎಂದು ನನಗೆ ತಿಳಿದಾಗ ನಾನು ಕೆಲಸಕ್ಕೆ ಸೇರಿ ಬಹಳ ದಿನ ಆಗಿತ್ತು. ಯಾರಾದರೂ ಮೊದಲೇ ಹೇಳಬಾರದಿತ್ತೇ ಅನಿಸಿತ್ತು.

ಅವರು ಮಾಡಿದ ಪ್ರಯೋಗದಲ್ಲಿ ನೀವೇ ನಿಂತು ನೋಡಿ. 48 ಜಿಬಿಯ ಯಂತ್ರ. ರೆಡಿಸ್ ಎಂಬ, ಎಲ್ಲವನ್ನೂ ಮೆಮೊರಿಯಲ್ಲೇ ಇಡುವ ಡೇಟಾಬೇಸ್. 45 ಜಿಬಿ ತುಂಬುವಷ್ಟು ಚಿಕ್ಕ ಚಿಕ್ಕ ನಮೂದು ಹಾಕುತ್ತಾರೆ. ಆಮೇಲೆ ಅದರಲ್ಲಿ ಶೇಕಡ 80ರಷ್ಟನ್ನು ಅಳಿಸುತ್ತಾರೆ, ಅಲ್ಲೊಂದು ಇಲ್ಲೊಂದು ಎಂಬಂತೆ. ರೆಡಿಸ್ ಖಾಲಿಯಾದ ಜಾಗವನ್ನು ಕರ್ನಲ್‌ಗೆ ವಾಪಸ್ ಕೊಡುತ್ತದೆ. ಮೆಮೊರಿಯ ಬಳಕೆ ಇಳಿಯುತ್ತದೆ. ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆ ಸುಮ್ಮನಿರುವ ಹೊತ್ತಿನಲ್ಲಿ ನೋಡಿ: ಯಾರೂ ಏನೂ ಹಾಕುತ್ತಿಲ್ಲ, ಆದರೂ ಬಳಕೆಯ ಗೆರೆ ತಾನಾಗಿ ಏರತೊಡಗುತ್ತದೆ. ಕೆಲಸಗಾರ ಬಂದಿದ್ದಾನೆ. ಚದುರಿ ಉಳಿದ ಒಂದೊಂದು ಪುಟದ ಸುತ್ತ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿ ದೊಡ್ಡ ಪುಟ ಕಟ್ಟುತ್ತಿದ್ದಾನೆ. ಈಗ ಮತ್ತೆ 45 ಜಿಬಿ ಆಗುವಷ್ಟು ಹೊಸದನ್ನು ಹಾಕಲು ಹೋದರೆ ಲಿನಕ್ಸ್ ನಡುವೆಯೇ ಮೆಮೊರಿ ಮುಗಿಯಿತೆಂದು ನಿಂತುಬಿಡುತ್ತದೆ. 2016ರಲ್ಲಿ ಬಂದ ಇಂಜೆನ್ಸ್ ಎಂಬ ಇನ್ನೊಂದು ಪರಿಹಾರವೂ ನಿಂತುಬಿಟ್ಟಿತು. ಹಾಕ್‌ಐ ಮಾತ್ರ ಕೊನೆ ಮುಟ್ಟಿತು.

ಹೇಗೆ? ಮೆಮೊರಿ ತುಂಬುತ್ತಾ ಬಂದಾಗ ಅದು ದೊಡ್ಡ ಪುಟಗಳ ಒಳಗೆ ಇಳಿದು ಗುಂಟೆ ಗುಂಟೆಯಾಗಿ ನೋಡುತ್ತದೆ. ಯಾವ ಚಿಕ್ಕ ಪುಟ ಪೂರ್ತಿ ಸೊನ್ನೆಯೋ ಅದು ಬೀಳು. ಅಂಥವು ಹೆಚ್ಚಿದ್ದರೆ ದೊಡ್ಡ ಪುಟವನ್ನು ಪೋಡಿ ಮಾಡಿ, ಬೀಳು ಬಿದ್ದದ್ದನ್ನೆಲ್ಲ ವಾಪಸ್ ಪಡೆಯುತ್ತದೆ. ಆ ವಿಳಾಸಗಳನ್ನು ಕರ್ನಲ್ಲಿನಲ್ಲಿ ಎಲ್ಲರಿಗೂ ಸೇರಿ ಇಟ್ಟಿರುವ ಒಂದೇ ಸೊನ್ನೆ ಪುಟಕ್ಕೆ ತಿರುಗಿಸುತ್ತದೆ. ಪ್ರೋಗ್ರಾಮ್ ಓದಿದರೆ ಮೊದಲಿನ ಹಾಗೆ ಸೊನ್ನೆಯೇ ಸಿಗುತ್ತದೆ, ಬರೆದರೆ ಆ ಹೊತ್ತಿಗೆ ಹೊಸ ಪುಟ. ಮತ್ತೆ ಅದೇ ರಾತ್ರಿಯ ಉಪಾಯ: ತದ್ರೂಪಾದದ್ದನ್ನು ಒಂದೇ ಇಡು, ಬಾಗಿಲುಗಳನ್ನು ಹಾಗೇ ಬಿಡು.

ನೀವು ಕೇಳಬಹುದು, ಒಂದೊಂದು ಪುಟದ 4096 ಬೈಟನ್ನೂ ಓದುತ್ತಾ ಕೂತರೆ ಆ ಖರ್ಚೇ ಜಾಸ್ತಿಯಾಗಲಿಲ್ಲವೇ ಎಂದು. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದದ್ದು ಇದಕ್ಕೆ ಅವರು ಕೊಟ್ಟ ಉತ್ತರ. ಅವರು ಹತ್ತಾರು ಬಗೆಯ ಪ್ರೋಗ್ರಾಮುಗಳ ಪುಟಗಳನ್ನು ತೆರೆದು ಅಳೆದರು. ಬಳಕೆಯಲ್ಲಿರುವ ಪುಟದಲ್ಲಿ ಸೊನ್ನೆಯಲ್ಲದ ಮೊದಲ ಬೈಟ್ ಸಿಗುವುದು ಸರಾಸರಿ ಮೊದಲ ಹತ್ತು ಬೈಟಿನೊಳಗೆ. ಹೊಲದ ಬದುವಿನಲ್ಲಿ ನಿಂತು ಇಣುಕಿದರೆ ಸಾಕು, ಬೆಳೆ ಇದೆಯೋ ಇಲ್ಲವೋ ತಿಳಿಯುತ್ತದೆ. ಬೆಳೆ ಕಂಡ ಕೂಡಲೇ ಮುಂದಿನ ಹೊಲಕ್ಕೆ. ಕೊನೆಯವರೆಗೂ ನಡೆದು ನೋಡಬೇಕಾದ್ದು ಬೀಳು ಬಿದ್ದದ್ದನ್ನು ಮಾತ್ರ, ಆ ನಡಿಗೆಗೆ ಕೂಲಿಯಾಗಿ ಆ ಹೊಲವೇ ಸಿಗುತ್ತದೆ.

2024ರ ಕೊನೆಗೆ ಬಂದ ಲಿನಕ್ಸ್ 6.12ರಲ್ಲಿ, ಒಳಗೆ ಸೊನ್ನೆಯೇ ತುಂಬಿರುವ ದೊಡ್ಡ ಪುಟಗಳನ್ನು ಮೆಮೊರಿ ಬಿಗಿಯಾದಾಗ ಒಡೆದು ಬಿಡಿಸುವ ಏರ್ಪಾಡು ಮುಖ್ಯ ಕರ್ನಲ್ಲಿನೊಳಗೇ ಬಂದಿದೆ. ಅದೇ ಬಗೆಯ ಯೋಚನೆ. ಆದರೆ ಅದು ಕೆಲಸ ಮಾಡಬೇಕಾದರೆ ಆಗ ತೋರಿಸಿದ 511 ಎಂಬ ಸಂಖ್ಯೆಯನ್ನು ಇಳಿಸಬೇಕು. ಸೊನ್ನೆ ಪುಟಗಳು ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಬೀಳು ಎಂದು ಲೆಕ್ಕ. 511 ದಾಟುವುದೆಂದರೆ 512ಕ್ಕೆ 512ರೂ ಸೊನ್ನೆಯಾಗಿರಬೇಕು. ಹಾಗಾಗಿ ಆ ಸಂಖ್ಯೆ ಹಾಗೇ ಇದ್ದರೆ ಹೊಸ ಏರ್ಪಾಡು ಇದ್ದೂ ಇಲ್ಲದಂತೆ. ನಮ್ಮ ಎಷ್ಟು ಸರ್ವರುಗಳಲ್ಲಿ ಇದನ್ನು ಯಾರೂ ಮುಟ್ಟಿಲ್ಲವೋ ಎಂದು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ದೊಡ್ಡಬಳ್ಳಾಪುರ ಬರುವುದರೊಳಗೆ ಈ ಒಂದು ಸರ್ವರಿನಲ್ಲಾದರೂ ಇಳಿಸಿಬಿಡೋಣ. 511 ಅಳಿಸಿ 409 ಬರೆಯುತ್ತೇನೆ. ಐದರಲ್ಲಿ ಒಂದು ಪಾಲಾದರೂ ಬೆಳೆ ಇದ್ದರೆ ದೊಡ್ಡ ಪುಟ, ಇಲ್ಲದಿದ್ದರೆ ಇಲ್ಲ. ಈ ಸರ್ವರಿಗೆ ಸರಿಯಾದ ಸಂಖ್ಯೆ ಇದೇ ಎಂದಲ್ಲ, ಇಲ್ಲಿಂದ ಶುರು ಮಾಡಿ ಒಂದು ವಾರ ಗೆರೆ ನೋಡಬೇಕು.

ರಾಜಾನುಕುಂಟೆ ದಾಟುತ್ತಿದ್ದಂತೆ ಫೋನು. ಚಿಕ್ಕಪ್ಪ. ಹಿಂದೆ ಜನರ ಗದ್ದಲ, ಯಾರೋ ಟೋಕನ್ ನಂಬರ್ ಕೂಗುತ್ತಿದ್ದಾರೆ.

"ಅರ್ಜಿ ತಗೊಂಡ್ರಮ್ಮ. ಸರ್ವೆಯರ್ ಬಂದು ಅಳತೆ ಮಾಡ್ಬೇಕಂತೆ. ಆಮೇಲೆ ನಾಲ್ಕು ಪಹಣಿ ಬರ್ತವಂತೆ, ಒಬ್ಬೊಬ್ಬರಿಗೆ ಒಂದೊಂದು."

"ಒಳ್ಳೇದಾಯ್ತು ಚಿಕ್ಕಪ್ಪ."

"ನಿಂದೇನಾಯ್ತು? ಆ ಏಳು ಗುಂಟೆ?"

"ಬಂತು. ಎಲ್ಲಾ ಬಂತು."

"ಏನ್ ಹಾಕ್ದೆ ಅದ್ರಲ್ಲಿ?"

ನಾನು ಪರದೆ ನೋಡುತ್ತೇನೆ. ರಾತ್ರಿ ಒಳಗೆ ಬಿಟ್ಟ ಯಂತ್ರ ಎಚ್ಚರಾಗಿದೆ. ಇವತ್ತಿನ ಮೊದಲ ಸ್ಕ್ಯಾನು, ಯಾರದೋ ಎದೆಯ ಚಿತ್ರ, ಆಗಲೇ ಬಂದು ಕೂತಿದೆ.